ಎರಡು ಭಾಷೆ, ಒಂದೇ ಎಲ್‌ಪಿ

ಬಿಇ ಮೊದಲ ವರ್ಷ ಕಾಲೇಜಿನ ಹಾಡಿನ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ನಮ್ಮಜ್ಜಿ ಹೇಳಿಕೊಟ್ಟ ಮಾರಮ್ಮನ ಪದ ಹಾಡೋದು ಅಂತ. "ಲೋ, ಇದನ್ನ ಯಾರು ಕೇಳ್ತಾರೋ? ಹಿಂದಿ ಇಲ್ಲಾ ಇಂಗ್ಲಿಷ್ ಹಾಡು" ಅಂದರು ಸೀನಿಯರ್‌ಗಳು. ಹೆಸರು ವಾಪಸ್ ತಗೊಂಡೆ. ಆ ಮಾತು ಮತ್ತೆ ನೆನಪಾಗಿದ್ದು ಎಷ್ಟೋ ವರ್ಷದ ಮೇಲೆ, ಸ್ವೀಡನ್ನಿನ ಒಂದು ಹಳೇ ಆಲ್ಬಂನ ಕಥೆ ಓದುವಾಗ.

ಯೂರೋಪಿನ ದೇಶಗಳು ಒಂದೊಂದು ಹಾಡು ಕಳಿಸಿ ಸೆಣಸುವ ಯೂರೋವಿಷನ್ ಸ್ಪರ್ಧೆ ಶುರುವಾಗಿದ್ದು 1956ರಲ್ಲಿ. 1966ರಿಂದ ಅಲ್ಲೊಂದು ನಿಯಮವಿತ್ತು: ನಿಮ್ಮ ದೇಶದ ಭಾಷೆಯಲ್ಲೇ ಹಾಡಬೇಕು. 1973ರಲ್ಲಿ ಅದನ್ನು ತೆಗೆದರು. ಆ ವರ್ಷ, ಮುಂದೆ 'ಅಬ್ಬಾ' ಅಂತ ಹೆಸರಾದ ನಾಲ್ವರು 'ರಿಂಗ್ ರಿಂಗ್' ಹಾಡಿನೊಂದಿಗೆ ಸ್ವೀಡನ್ನಿನ ಆಯ್ಕೆ ಸುತ್ತಿನಲ್ಲೇ ಮೂರನೆಯವರಾಗಿ ನಿಂತುಬಿಟ್ಟರು. 1974ರಲ್ಲಿ 'ವಾಟರ್‌ಲೂ' ಜೊತೆ ಮತ್ತೆ ಬಂದರು. ಆಯ್ಕೆ ಸುತ್ತಿನಲ್ಲಿ ಸ್ವೀಡಿಷ್‌ನಲ್ಲಿ ಹಾಡಿ ಗೆದ್ದರು. ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಇಂಗ್ಲಿಷ್‌ನಲ್ಲಿ ಹಾಡಿ ಸ್ವೀಡನ್ನಿಗೆ ಮೊದಲ ಗೆಲುವು ತಂದರು.

ಇಷ್ಟೇ ಓದಿದರೆ ನಮ್ಮ ಸೀನಿಯರ್‌ಗಳು ಹೇಳಿದ್ದೇ ಸರಿ ಅನ್ನಿಸುತ್ತೆ. ಆದರೆ ಸ್ಪರ್ಧೆಗೆ ಒಂದು ತಿಂಗಳು ಮೊದಲು, ಮಾರ್ಚ್‌ನಲ್ಲಿ ಸ್ವೀಡನ್ನಿನಲ್ಲಿ ಬಂದ 'ವಾಟರ್‌ಲೂ' ಆಲ್ಬಂ ನೋಡಿ. ಅದರಲ್ಲಿ ಆ ಹಾಡು ಸ್ವೀಡಿಷ್‌ನಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ. ಊರಾಚೆ ಹೋಗೋಕೆ ಒಂದು ಭಾಷೆ ಹಿಡಿದರು, ಮನೆಯ ಭಾಷೆ ಬಿಡಲಿಲ್ಲ.

ಇದು ನಮಗೆ ಹೊಸದೇನಲ್ಲ. ನಮ್ಮೂರು ಗೌರಸಮುದ್ರ ಆಂಧ್ರದ ಗಡಿ ಸೀಮೆ. ಮಾರಮ್ಮನ ಜಾತ್ರೆಗೆ ಆ ಕಡೆಯ ಜನವೂ ಬರ್ತಾರೆ. ನಮ್ಮಜ್ಜಿ ಒಂದು ನುಡಿ ಕನ್ನಡದಲ್ಲಿ ಹೇಳಿದರೆ ಇನ್ನೊಂದು ತೆಲುಗಿನಲ್ಲಿ ಹೇಳೋಳು. ಯಾವ ಭಾಷೆಯೂ ಅವಳಿಗೆ ನಾಚಿಕೆ ಅನ್ನಿಸಿರಲಿಲ್ಲ.

ಕರ್ನಾಟಕದಲ್ಲಿ ಈ ದಾರಿ ಹಿಡಿದ ಆಲ್ಬಂ ಅಂದರೆ ನನಗೆ ನೆನಪಾಗೋದು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶಿಶುನಾಳ ಶರೀಫರ ತತ್ವಪದಗಳೂ ಕೂತಿವೆ. ಶರೀಫರು ತೀರಿಕೊಂಡಿದ್ದು 1889ರಲ್ಲಿ. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಸಂಗೀತ ಪತ್ರಿಕೆ ರಘು ಅವರಿಗೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಅದು ಯೂರೋವಿಷನ್ ಥರದ ಸ್ಪರ್ಧೆಯಲ್ಲ, ನಿಜ. ಆದರೂ ಶರೀಫರ ಕನ್ನಡ ಆ ದಾರಿಗೆ ಅಡ್ಡ ಬರಲಿಲ್ಲ.

ಯೂರೋವಿಷನ್‌ನಲ್ಲಿ 1977ಕ್ಕೆ ಭಾಷೆಯ ನಿಯಮ ವಾಪಸ್ ಬಂತು, 1999ಕ್ಕೆ ಹೋಯಿತು. ಅದಾದ ಮೇಲೆ ಹೆಚ್ಚಿನವರು ಇಂಗ್ಲಿಷ್‌ಗೆ ತಿರುಗಿದರೂ 2017ರಲ್ಲಿ ಸಾಲ್ವಡೋರ್ ಸೊಬ್ರಾಲ್ ತನ್ನ ಪೋರ್ಚುಗೀಸ್‌ನಲ್ಲೇ ಹಾಡಿ ಗೆದ್ದ.

ನಮ್ಮ ಕಾಲೇಜಿನ ನೋಟಿಸ್‌ನಲ್ಲಿ ಭಾಷೆಯ ನಿಯಮವೇ ಇರಲಿಲ್ಲ. ನಾನೇ ಒಂದು ಮಾಡಿಕೊಂಡು ಹಿಂದೆ ಸರಿದೆ. ಈಗ ಅಜ್ಜಿ ಇಲ್ಲ. ಆ ಪದ ಬರೆದಿಟ್ಟುಕೊಳ್ಳಲೂ ಇಲ್ಲ, ಮೊದಲ ಎರಡು ನುಡಿ ಮಾತ್ರ ನೆನಪಿದೆ. ಈ ಸಲ ಜಾತ್ರೆಗೆ ಹೋದಾಗ ಉಳಿದದ್ದನ್ನ ಅಜ್ಜಿಯ ಓರಗೆಯವರನ್ನ ಕೇಳಬೇಕು. ಫೋನಿನಲ್ಲಿ ರೆಕಾರ್ಡ್ ಮಾಡ್ಕೋಬೇಕು, ಕನ್ನಡದ್ದೂ ತೆಲುಗಿನದ್ದೂ.