‘ಖಾತೆ’ ಎಂದರೆ ಯಾವ ಖಾತೆ?

ಹಳ್ಳಿಯ ಪಹಣಿಯಲ್ಲಿ ಖಾತೆ ಸಂಖ್ಯೆ ಇರುತ್ತದೆ, ಪಟ್ಟಣದ ಮನೆಗೂ ಖಾತೆ ಇರುತ್ತದೆ. ಆದರೆ ಕಂದಾಯ ಇಲಾಖೆಯವರ ಖಾತೆ ಹಿಡುವಳಿದಾರನದು. ಒಂದೇ ಊರಿನಲ್ಲಿ ಅವನಿಗೆ ನಾಲ್ಕು ಸರ್ವೆ ನಂಬರುಗಳಲ್ಲಿ ಜಮೀನಿದ್ದರೂ ಎಲ್ಲವೂ ಒಂದೇ ಖಾತೆಯಡಿ ಬರುತ್ತವೆ. ನಗರಸಭೆಯವರ ಖಾತೆ ಸ್ವತ್ತಿನದು. ಒಬ್ಬನಿಗೆ ನಾಲ್ಕು ನಿವೇಶನಗಳಿದ್ದರೆ ಖಾತೆಯೂ ನಾಲ್ಕು. ಪುಸ್ತಕ ಬಿಚ್ಚಿ ಓದುವವರು ಶಾನುಭೋಗರೂ ಗುಮಾಸ್ತರೂ ಆಗಿದ್ದಾಗ ಈ ಭೇದ ಅವರ ತಲೆಯಲ್ಲೇ ಇತ್ತು, ಬರೆದಿಡಬೇಕಾದ ಅಗತ್ಯ ಬೀಳಲಿಲ್ಲ. ದಾಖಲೆ ಕಂಪ್ಯೂಟರಿಗೆ ಹೋದಾಗ, ಅದಕ್ಕಿಂತಲೂ ಒಂದು ಕಂಪ್ಯೂಟರು ಇನ್ನೊಂದರ ದಾಖಲೆಯನ್ನು ಓದಬೇಕಾಗಿ ಬಂದಾಗ, ಬರೆಯದೆ ಉಳಿದದ್ದೆಲ್ಲ ತೊಡಕಾಯಿತು. ಕರ್ನಾಟಕದ ಭೂದಾಖಲೆಗಳ ಕಾಲು ಶತಮಾನದ ಗಣಕೀಕರಣದಲ್ಲಿ ತಂತಿ ಎಳೆದು ಕಚೇರಿಗಳನ್ನು ಜೋಡಿಸಿದ್ದು ಸುಲಭದ ಕೆಲಸ. ‘ಜಮೀನು’ ಎಂಬ ಮಾತಿಗೆ ಆ ಕಚೇರಿಗಳು ಕೊಡುತ್ತಿದ್ದ ಅರ್ಥಗಳನ್ನು ಕೂಡಿಸುವುದೇ ನಿಜವಾಗಿ ಕಷ್ಟದ್ದು ಎಂಬುದು ನನ್ನ ವಾದ.

ಈ ಕಷ್ಟಕ್ಕೆ ಕಂಪ್ಯೂಟರಿಗಿಂತ ಹಳೆಯ ಬೇರುಗಳಿವೆ. 1956ರಲ್ಲಿ ಒಂದಾದ ನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕಡತಗಳನ್ನು ಹೊತ್ತು ತಂದಿತ್ತು. ಹಳೆ ಮೈಸೂರಿನಲ್ಲಿ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಮದರಾಸಿನ ಆಡಳಿತದಲ್ಲಿದ್ದ ಕರಾವಳಿಯಲ್ಲಿ ಎಕರೆಗೆ 100 ಸೆಂಟ್ಸ್. ‘ಒಂದು ಎಕರೆ ಇಪ್ಪತ್ತು’ ಎಂದರೆ ಮಂಡ್ಯದಲ್ಲಿ ಒಂದೂವರೆ ಎಕರೆ, ಪುತ್ತೂರಿನಲ್ಲಿ ಒಂದೂ ಕಾಲು ಎಕರೆಗಿಂತ ಕಡಿಮೆ. 1964ರ ಭೂಕಂದಾಯ ಕಾಯ್ದೆ ಎಲ್ಲರಿಗೂ ಒಂದೇ ಕಾನೂನು ಕೊಟ್ಟಿತು; ಅಳತೆಯ ರೂಢಿಯನ್ನೂ ಹಿಡುವಳಿಯ ರೂಢಿಯನ್ನೂ ಒಂದೇ ಏಟಿಗೆ ಬದಲಿಸುವುದು ಯಾವ ಕಾಯ್ದೆಗೂ ಆಗದು.

2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷದಷ್ಟು ಹಿಡುವಳಿದಾರರ ಹೆಸರುಗಳನ್ನು ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಏರಿಸಿತು. ಇದು ಸಣ್ಣ ಸಾಧನೆಯಲ್ಲ. ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಉಪನೋಂದಣಾಧಿಕಾರಿಗಳ ಕಚೇರಿಗೆ ‘ಕಾವೇರಿ’ ತಂತ್ರಾಂಶ ಬಂತು, ಭೂಮಾಪನಕ್ಕೆ ‘ಮೋಜಿಣಿ’. ಮೂರರಲ್ಲೂ ಇದ್ದದ್ದು ಜಮೀನೇ, ಆದರೆ ಮೂರು ಬಗೆಯದು. ನೋಂದಣಿ ಕಚೇರಿಗೆ ಅದು ಇಬ್ಬರ ನಡುವಿನ ವ್ಯವಹಾರದ ವಸ್ತು. 1908ರ ಕಾಯ್ದೆ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರಣೆ ಕೇಳುತ್ತದೆ, ಪತ್ರ ಬರಹಗಾರರು ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಚೆಕ್ಕುಬಂದಿ ಬರೆಯುತ್ತಾರೆ. ಪಹಣಿಗೆ ಅದು ಒಂದು ಹೆಸರಿನ ಮುಂದೆ ನಿಂತ ವಿಸ್ತೀರ್ಣ. ಭೂಮಾಪಕರಿಗೆ ಸರ್ವೆ ಕಡತಗಳಾದ ಟಿಪ್ಪಣಿ, ಆಕಾರ್‌ಬಂದ್‌ಗಳಲ್ಲಿ ದಾಖಲಾಗಿ ಕಲ್ಲು ನೆಟ್ಟ ಆಕಾರ. ಎರಡು ಎಕರೆಯ ಸರ್ವೆ ನಂಬರಿನಲ್ಲಿ ಯಾರೋ 20 ಗುಂಟೆ ಮಾರಿದರು ಎನ್ನೋಣ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಬಂತು. ಮಾರಾಟವನ್ನು ತಿಳಿಸುವ ನೋಂದಣಿ ಕಚೇರಿಯ ಜೆ-ಸ್ಲಿಪ್ ತಹಶೀಲ್ದಾರರಿಗೆ ಹೋಯಿತು, ಮ್ಯುಟೇಶನ್ ಆಯಿತು, ಪಹಣಿಯಲ್ಲಿ ಎರಡು ಹೆಸರು, ಎರಡು ಅಂಕಿ ಕೂತವು. ಆದರೆ ಆ 20 ಗುಂಟೆ ನೆಲದ ಮೇಲೆ ಎಲ್ಲಿದೆ? ಪೋಡಿ ಆಗುವವರೆಗೆ, ಎಂದರೆ ಪಾಲನ್ನು ಅಳೆದು ಸರ್ವೆ ನಂಬರನ್ನು ಒಡೆಯುವವರೆಗೆ, ಪಹಣಿಯಾಗಲೀ ನಕ್ಷೆಯಾಗಲೀ ಅದನ್ನು ಹೇಳುವುದಿಲ್ಲ. ಜೆ-ಸ್ಲಿಪ್ಪನ್ನು ತಂತಿಯ ಮೇಲೆ ಕಳಿಸಿದರೆ ಈ ಅಸ್ಪಷ್ಟತೆಯೇ ಬೇಗ ತಲುಪುತ್ತದೆ, ಅಷ್ಟೆ. ದಾರಿ ತೆರೆದದ್ದು 11ಇ ಸ್ಕೆಚ್. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವ ಮುನ್ನವೇ ಭೂಮಾಪಕರು ಅಳೆದು ಬರೆಯುವ ಈ ನಕ್ಷೆಯನ್ನು ಮೂರು ಕಚೇರಿಗಳೂ ಓದಬಲ್ಲವು: ಕ್ರಯಪತ್ರಕ್ಕೆ ಗಡಿ, ಪಹಣಿಗೆ ಹಿಸ್ಸಾ, ಭೂಮಾಪನಕ್ಕೆ ಆಕಾರ.

ಇಷ್ಟೆಲ್ಲ ಏಕೆ, ಮೂರನ್ನೂ ಸೇರಿಸಿ ಒಂದೇ ದಾಖಲೆ ಮಾಡಬಾರದೆ ಎಂಬ ಆಕ್ಷೇಪಣೆಗೆ ತೂಕವಿದೆ. ಆದರೆ ಅರ್ಥಗಳು ಬೇರೆಯಾದದ್ದು ಕೆಲಸಗಳು ಬೇರೆಯಾದ್ದರಿಂದ. ಕ್ರಯಪತ್ರವೂ ಪಹಣಿಯೂ ಒಂದಕ್ಕೊಂದು ತಾಳೆಯಾಗದಿದ್ದರೆ ಎಲ್ಲೋ ವ್ಯಾಜ್ಯವಿದೆ ಎಂದು ತಿಳಿಯುತ್ತದೆ. ಎರಡನ್ನೂ ಕರಗಿಸಿದರೆ ಆ ಸುಳಿವೂ ಕರಗುತ್ತದೆ. ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಮಾತ್ರ ನಿಜ ಎಂದು 1964ರ ಕಾಯ್ದೆಯೇ ಹೇಳುತ್ತದೆ. ಪ್ರತಿ ತುಂಡು ನೆಲಕ್ಕೂ 14 ಅಂಕಿ-ಅಕ್ಷರಗಳ ಗುರುತು ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಗುರುತು ಒಳ್ಳೆಯದೇ, ಆದರೆ ಐವರು ಜಂಟಿಯಾಗಿ ಹಿಡಿದ, ಪೋಡಿಯಾಗದ ಹೊಲದಲ್ಲಿ ತುಂಡು ಯಾವುದು ಎಂದು ಮೊದಲು ತೀರ್ಮಾನವಾಗಬೇಕು. ಸ್ಕೆಚ್ಚಿಗಾಗಿ ರೈತರು ಭೂಮಾಪಕರ ದಾರಿ ಕಾಯಬೇಕಾಯಿತು ಎಂಬ ದೂರನ್ನು ಮಾತ್ರ ನಾನು ಒಪ್ಪುತ್ತೇನೆ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದವನಿಗೆ ಒಂದು ತಿಂಗಳು ದೊಡ್ಡದು. ಹಾಗೆಂದು ಅಳೆಯದೆ ಮಾರಿದರೆ ಆ ಕಾಯುವಿಕೆ ಇಲ್ಲವಾಗುವುದಿಲ್ಲ, ಮಕ್ಕಳ ಕಾಲಕ್ಕೆ ಸಿವಿಲ್ ಕೋರ್ಟಿಗೆ ವರ್ಗವಾಗುತ್ತದೆ.

ನಕ್ಷೆ ಬಗೆಹರಿಸಲಾರದ ತೊಡಕು ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಮೀನಿನದು. ಅಲ್ಲಿ ಗಡಿಗಿಂತ ಮೊದಲು ಯಜಮಾನ ಯಾರು ಎಂಬುದೇ ಪ್ರಶ್ನೆ. ಪಹಣಿಯ ಹೆಸರಿನ ಕಾಲಂ ಒಬ್ಬೊಬ್ಬ ವ್ಯಕ್ತಿಯನ್ನು, ಅವನ ಪಾಲನ್ನು ಕೇಳುತ್ತದೆ. ಜಮ್ಮಾ ನಿಂತಿರುವುದು ಒಕ್ಕದ, ಎಂದರೆ ಒಂದೇ ಮನೆತನದ ಕೂಡುಕುಟುಂಬದ, ಮೇಲೆ; ಪಟ್ಟೇದಾರನ ಹೆಸರು ಒಕ್ಕದವರೆಲ್ಲರ ಪರವಾಗಿ ಬರೆದದ್ದು. ಅವನು ತೀರಿಕೊಂಡ ಮೇಲೂ ಆ ಹೆಸರು ಹಾಗೇ ಉಳಿದಿದ್ದರೆ ‘ಭೂಮಿ’ಯ ಕಣ್ಣಿಗೆ ಅದು ವಾರಸುದಾರರ ಹೆಸರಿಗೆ ಬದಲಾಗದೆ ಬಾಕಿಯಿರುವ ಪೌತಿ ಖಾತೆ. ಒಕ್ಕದವರಿಗೆ ಅದು ಇನ್ನೂ ಸರಿಯಾಗಿಯೇ ಇರುವ ದಾಖಲೆ.