ಎಲೆ ಎಣಿಸದೆ ಅನಂತ ಅಳೆದವನು

ಮದುವೆ ಮನೆಯ ಊಟದ ಹಾಲ್ ನೆನಪು ಮಾಡಿಕೊಳ್ಳಿ. ಪಂಕ್ತಿಯಲ್ಲಿ ಒಂದು ಎಲೆಯೂ ಖಾಲಿ ಇಲ್ಲ, ಜಾಗ ಸಿಗದೆ ನಿಂತವರೂ ಇಲ್ಲ. ಎಲೆ ಎಷ್ಟು, ಜನ ಎಷ್ಟು ಅಂತ ನೀವು ಎಣಿಸಿಲ್ಲ. ಆದರೂ ಎರಡೂ ಸಮ ಅಂತ ಗೊತ್ತಾಗಿಬಿಡುತ್ತೆ, ಅಲ್ವಾ? ಒಂದು ಎಲೆಗೆ ಒಬ್ಬರು. ಗಣಿತಜ್ಞರು ಅನಂತವನ್ನು ಅಳೆದದ್ದೂ ಇದೇ ಲೆಕ್ಕದಿಂದ.

ಗೆಲಿಲಿಯೊ ಇದರ ತೀರಾ ಹತ್ತಿರ ಬಂದಿದ್ದ. 1638ರಲ್ಲಿ, ಅವನು ಗೃಹಬಂಧನದಲ್ಲಿದ್ದಾಗ ಅಚ್ಚಾದ ಪುಸ್ತಕದಲ್ಲಿ ಒಂದು ತೊಡಕಿನ ಮಾತು ಬರುತ್ತೆ. 1, 4, 9, 16ರಂಥ ವರ್ಗಸಂಖ್ಯೆಗಳು ವಿರಳ. ಮೊದಲ ನೂರರಲ್ಲಿ ಹತ್ತೇ ಹತ್ತು. ಆದರೆ 1ಕ್ಕೆ 1, 2ಕ್ಕೆ 4, 3ಕ್ಕೆ 9 ಅಂತ ಜೋಡಿ ಮಾಡ್ತಾ ಹೋದರೆ ಯಾವ ಸಂಖ್ಯೆಯೂ ಎಲೆ ಸಿಗದೆ ನಿಲ್ಲೋದಿಲ್ಲ! ಹಾಗಾದರೆ ಭಾಗವೂ ಪೂರ್ಣವೂ ಸಮವೇ? ಗೆಲಿಲಿಯೊ ಅಲ್ಲಿಂದ ಮುಂದೆ ಹೋಗಲಿಲ್ಲ. ಅನಂತದ ವಿಷಯದಲ್ಲಿ ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳೇ ಸಲ್ಲವು ಎಂದು ಕೈಬಿಟ್ಟ.

ಆಮೇಲೆ ಇನ್ನೂರು ವರ್ಷ ಕಳೆದರೂ ದೊಡ್ಡವರ ಬುದ್ಧಿಮಾತು ಇದೇ ಧಾಟಿಯದು. ಎಣಿಕೆ ಮುಗಿಯೋದೇ ಇಲ್ಲ ಅನ್ನಿ, ಪರವಾಗಿಲ್ಲ. ಅನಂತವನ್ನು ಮುಗಿದ ವಸ್ತುವಿನ ಹಾಗೆ ಮಾತ್ರ ಬಳಸಬೇಡಿ. ಗೌಸ್ ಕೂಡ 1831ರಲ್ಲಿ ಇದನ್ನೇ ಬರೆದಿದ್ದ.

ಈ ಮಾತು ಕೇಳದೆ ಹೋದವನು ಜರ್ಮನಿಯ ಹಾಲೆ ಊರಿನ ಮೇಷ್ಟ್ರು ಗೆಯೋರ್ಗ್ ಕ್ಯಾಂಟರ್. ಜೋಡಿ ಕೂಡಿತಾ? ಹಾಗಾದರೆ ಸಮ, ಭಾಗವಾದರೂ ಸರಿ, ಅಂದ. ಭಿನ್ನರಾಶಿಗಳೂ ಹೀಗೆ 1, 2, 3ರ ಜೊತೆ ಜೋಡಿ ಕೂಡುತ್ತವೆ. ಅಂದಮೇಲೆ ಎಲ್ಲ ಅನಂತಗಳೂ ಒಂದೇ ಅಳತೆಯವು ಅನ್ನಿಸುತ್ತಲ್ಲ? ಇಲ್ಲ. 1874ರಲ್ಲಿ, 29ರ ವಯಸ್ಸಿನಲ್ಲಿ, ಕ್ಯಾಂಟರ್ ಇದು ತಪ್ಪೆಂದು ಸಾಧಿಸಿ ತೋರಿಸಿದ.

1891ರಲ್ಲಿ ಅವನೇ ಕೊಟ್ಟ ಸುಲಭದ ಸಾಧನೆಯನ್ನು ಎಕ್ಸೆಲ್ ಶೀಟಿನಲ್ಲೇ ನೋಡಬಹುದು. 0 ಮತ್ತು 1ರ ನಡುವಿನ ದಶಮಾಂಶಗಳೆಲ್ಲ ಇದರಲ್ಲಿವೆ ಅಂತ ಯಾರೋ ಒಂದು ಕೊನೆಯಿಲ್ಲದ ಪಟ್ಟಿ ಕೊಟ್ಟರು ಅನ್ನಿ. ಮೊದಲ ಸಾಲಿನ ಮೊದಲ ಅಂಕಿ ನೋಡಿ. ಅದು 5 ಆಗಿದ್ದರೆ 6 ಬರೆಯಿರಿ, ಬೇರೇನೇ ಇದ್ದರೂ 5 ಬರೆಯಿರಿ. ಎರಡನೇ ಸಾಲಿನ ಎರಡನೇ ಅಂಕಿಗೂ ಹಾಗೇ, ಮೂರನೇ ಸಾಲಿನ ಮೂರನೆಯದಕ್ಕೂ ಹಾಗೇ. ಹೀಗೆ ಹುಟ್ಟುವ ಸಂಖ್ಯೆ ಪ್ರತಿ ಸಾಲಿಗಿಂತ ಒಂದು ಅಂಕಿಯಲ್ಲಾದರೂ ಬೇರೆ. ಅಂದರೆ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ! ಎಷ್ಟು ಎಲೆ ಹಾಕಿದರೂ ಒಬ್ಬರು ನಿಂತೇ ಇರುತ್ತಾರೆ. ಈ ಅನಂತ ಆ ಅನಂತಕ್ಕಿಂತ ದೊಡ್ಡದು.

ಬರ್ಲಿನ್ನಿನ ಕ್ರೊನೆಕರ್, ಒಂದು ಕಾಲದಲ್ಲಿ ಕ್ಯಾಂಟರನ ಗುರು, ಇದನ್ನು ಒಪ್ಪಲೇ ಇಲ್ಲ. ಬರ್ಲಿನ್ನಿನಲ್ಲಿ ಕೆಲಸ ಸಿಗಬೇಕೆಂಬ ಕ್ಯಾಂಟರನ ಆಸೆ ಈಡೇರಲಿಲ್ಲ. 1884ರಲ್ಲಿ ಅವನಿಗೆ ಮಾನಸಿಕ ಕಾಯಿಲೆ ಕಾಣಿಸಿಕೊಂಡಿತು, ಮುಂದೆ ಮತ್ತೆ ಮತ್ತೆ ಮರುಕಳಿಸಿತು. ಅನಂತದ ಬಗ್ಗೆ ಯೋಚಿಸಿ ಹುಚ್ಚು ಹಿಡೀತು ಅಂತ ಕತೆ ಹೇಳೋದು ಸುಲಭ. ಆದರೆ ಕಾಯಿಲೆ ಕಾಯಿಲೆಯೇ, ಗಣಿತದ ಶಾಪವಲ್ಲ. ಮೇಲೆ ಹೇಳಿದ 1891ರ ಸಾಧನೆ ಬಂದದ್ದೇ ಆ ಮೊದಲ ಕುಸಿತದ ನಂತರ. 1918ರ ಜನವರಿಯಲ್ಲಿ, ಹಾಲೆಯ ಆಸ್ಪತ್ರೆಯಲ್ಲೇ ಅವನು ತೀರಿಕೊಂಡ.

ಅವನನ್ನು ಕೊನೆವರೆಗೂ ಕಾಡಿದ ಪ್ರಶ್ನೆ ಒಂದಿತ್ತು: ಈ ಎರಡು ಅನಂತಗಳ ನಡುವೆ ಇನ್ನೊಂದು ಅಳತೆ ಇದೆಯಾ? ಇಲ್ಲ ಅಂತ ಅವನ ನಂಬಿಕೆ, ಸಾಧಿಸಲು ಮಾತ್ರ ಆಗಲಿಲ್ಲ. 1940ರಲ್ಲಿ ಗೋಡೆಲ್, 1963ರಲ್ಲಿ ಪಾಲ್ ಕೋಹೆನ್ ಬರೆದದ್ದನ್ನು ಸೇರಿಸಿ ಓದಿದರೆ ಕಾರಣ ಗೊತ್ತಾಗುತ್ತೆ. ಗಣಿತದ ಈಗಿನ ಮೂಲ ನಿಯಮಗಳಿಂದ ‘ಇದೆ’ ಅಂತಲೂ ಸಾಧಿಸಲಾಗದು, ‘ಇಲ್ಲ’ ಅಂತಲೂ ಸಾಧಿಸಲಾಗದು. ಕ್ಯಾಂಟರ್ ಸೋತದ್ದು ಅವನ ಶಕ್ತಿ ಸಾಲದೆ ಅಲ್ಲ. ಪಾಪ, ಅದು ಅವನಿಗೆ ತಿಳಿಯಲೇ ಇಲ್ಲ.