ಎಂಜಿನಿನ ಬಲ, ಚಕ್ರದ ಹಿಡಿತ

ಎಂಜಿನ್ ದೊಡ್ಡದಾದಷ್ಟೂ ಕಾರು ವೇಗವಾಗಿ ಓಡಬೇಕಲ್ಲವೇ? 1960ರ ದಶಕದ ಅಮೆರಿಕದಲ್ಲಿ ಬಹಳ ಮಂದಿ ಹಾಗೆಂದೇ ನಂಬಿದ್ದರು. ಆ ನಂಬಿಕೆಯಿಂದ ಹುಟ್ಟಿದ ಕಾರುಗಳೇ ‘ಮಸಲ್ ಕಾರ್’, ಎಂದರೆ ಕಸುವಿನ ಕಾರುಗಳು.

1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ವಿಭಾಗಗಳು ಕಾರು ಪಂದ್ಯಗಳಲ್ಲಿ ತೊಡಗಬಾರದೆಂದು ಅಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮವೂ ಇತ್ತು. ಇದೇ ಸಂಸ್ಥೆಯ ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಒಂದು ಒಳದಾರಿ ಕಂಡುಕೊಂಡರು. ದೊಡ್ಡ ಕಾರಿನ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನನ್ನು ‘ಟೆಂಪೆಸ್ಟ್’ ಕಾರಿಗೆ, ಗಿರಾಕಿ ಕೇಳಿದರಷ್ಟೇ ಕೊಡುವ ಹೆಚ್ಚುವರಿ ಸೌಲಭ್ಯವೆಂದು ಪಟ್ಟಿಗೆ ಸೇರಿಸಿಬಿಟ್ಟರು! 1964ರ ಜಿಟಿಒ ಹುಟ್ಟಿದ್ದು ಹೀಗೆ. ಮೂರು ಕಾರ್ಬುರೇಟರುಗಳಿದ್ದ ಮಾದರಿಗೆ 348 ಅಶ್ವಶಕ್ತಿ. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಬ್ರೇಕು ಮಾತ್ರ ನಾಲ್ಕೂ ಚಕ್ರಗಳಿಗೆ ಹಳೆಯ ಡ್ರಮ್ ಬಗೆಯದೇ. ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ.

ಎಂಜಿನಿನ ಬಲ ನೆಲವನ್ನು ತಲುಪುವುದು ಹಿಂದಿನ ಚಕ್ರಗಳ ಮೂಲಕ. ಅಲ್ಲಿಯೇ ತೊಡಕು. ನಿಂತ ಲಾರಿಯ ಹಿಂಬದಿಯಲ್ಲಿ ಬಗ್ಗಿ ನೋಡಿ: ಒಂದರ ಮೇಲೊಂದು ಪೇರಿಸಿದ ಉಕ್ಕಿನ ಬಾಗುಪಟ್ಟಿಗಳು ಅಚ್ಚನ್ನು ಹಿಡಿದಿರುತ್ತವೆ. ಇದೇ ಲೀಫ್ ಸ್ಪ್ರಿಂಗ್. ಜನರಲ್ ಮೋಟಾರ್ಸ್‌ನ ಇನ್ನೊಂದು ವಿಭಾಗವಾದ ಷೆವ್ರೊಲೆ 1967ನೇ ಸಾಲಿಗೆ ತಂದ ‘ಕಮಾರೊ’ ಕಾರಿನಲ್ಲಿ ಪ್ರತಿ ಬದಿಗೂ ಇದ್ದದ್ದು ಒಂದೇ ಪಟ್ಟಿ! ನ್ಯೂಟನ್ನನ ಮೂರನೆಯ ನಿಯಮವನ್ನು ಇಲ್ಲಿ ನೆನಪಿಸಿಕೊಳ್ಳಿ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಅಚ್ಚಿನ ಕವಚ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಆಗ ತೆಳುವಾದ ಪಟ್ಟಿ ಹಾವಿನಂತೆ ಡೊಂಕಾಗಿ, ಮರುಕ್ಷಣ ನೆಟ್ಟಗಾಗುತ್ತದೆ, ಮತ್ತೆ ಡೊಂಕಾಗುತ್ತದೆ. ಟೈರು ನೆಲ ಕಚ್ಚುವ ಬದಲು ಧಡಧಡನೆ ಕುಪ್ಪಳಿಸುತ್ತದೆ. ಅಶ್ವಶಕ್ತಿಯೆಲ್ಲ ಹೊಗೆಯಾಯಿತು!

1968ರಲ್ಲಿ ಕಂಡುಕೊಂಡ ಪರಿಹಾರ ಬಹಳ ಸರಳ. ಒಂದು ಶಾಕ್ ಅಬ್ಸಾರ್ಬರನ್ನು ಅಚ್ಚಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಕೂರಿಸಿ ಆ ತಿರುಚನ್ನು ತಡೆದರು. ಬಲಿಷ್ಠ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಟ್ಟರು. ನನಗಂತೂ 348 ಅಶ್ವಶಕ್ತಿಗಿಂತ ಈ ಅಗ್ಗದ ಉಪಾಯವೇ ಹೆಚ್ಚು ಜಾಣತನದ್ದೆನಿಸುತ್ತದೆ.

ಎಂಜಿನ್‌ಗಳೇನೋ ಬೆಳೆಯುತ್ತಲೇ ಹೋದವು. 1970ರ ‘ಷೆವೆಲ್’ ಕಾರಿನ 454 ಘನ ಅಂಗುಲದ ಎಂಜಿನ್ 450 ಅಶ್ವಶಕ್ತಿ ಮುಟ್ಟಿತು. ಆಮೇಲೆ ವಾಯುಮಾಲಿನ್ಯದ ಕಾನೂನು, 1973ರ ತೈಲ ಬಿಕ್ಕಟ್ಟು ಈ ಭರಾಟೆಯನ್ನು ತಗ್ಗಿಸಿದವು. ಇಡೀ ಅಚ್ಚಿನ ಪದ್ಧತಿ ಮಾತ್ರ ಅಷ್ಟು ಬೇಗ ಹೋಗಲಿಲ್ಲ. 1964ರಲ್ಲಿ ಬಂದ ಫೋರ್ಡ್ ‘ಮಸ್ಟಾಂಗ್’ ಕಾರಿನ ಎಲ್ಲ ಮಾದರಿಗಳಿಗೂ ಹಿಂದಿನ ಎರಡು ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ವ್ಯವಸ್ಥೆ ದೊರೆತದ್ದು 2015ನೇ ಸಾಲಿನ ಕಾರುಗಳಲ್ಲಿ.